ಎರಡಿಂಚು ತಗ್ಗಿನ ಕಮೋಡು

ಹೋದ ವಾರ ನಮ್ಮ ಮನೆಯ ಡಬ್ಬಗಳಲ್ಲೆಲ್ಲ ಸಕ್ಕರೆ ತುಂಬಿ ತುಳುಕುತ್ತಿತ್ತು. ಅಷ್ಟೂ ಪಕ್ಕದ ಮನೆಯ ಸರೋಜ ಮೇಡಂ ಕೊಟ್ಟದ್ದು.

ಬೆಳಿಗ್ಗೆ ಆರಕ್ಕೆ ನಾನು ಒಂದು ಲೋಟ ಹಿಡಿದು ಹೋಗುತ್ತಿದ್ದೆ. "ಮೇಡಂ, ಒಂಚೂರು ಸಕ್ಕರೆ ಇದ್ರೆ..." ಆರೂಕಾಲಿಗೆ ನನ್ನ ಹೆಂಡತಿ ಇನ್ನೊಂದು ಲೋಟ ಹಿಡಿದು ಹೋಗುತ್ತಿದ್ದಳು. ಆರೂವರೆಗೆ ಕಾಲೇಜಿಗೆ ಹೋಗುವ ಮಗಳು. ನಾಲ್ಕನೇ ದಿನ ಸರೋಜ ಮೇಡಂ ಬಾಗಿಲಲ್ಲೇ ನಿಂತಿದ್ದರು. "ಮೇಷ್ಟ್ರೇ, ಲೋಟ ಇಲ್ಲೇ ಇಟ್ಟು ಸೀದಾ ಹಿಂದಕ್ಕೆ ಹೋಗಿ. ಲೈಟ್ ಹಾಕಿದೀನಿ," ಎಂದರು.

ನಮಗೆ ಬೇಕಿದ್ದದ್ದು ಅವರ ಟಾಯ್ಲೆಟ್ಟು. ಅದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಆದರೂ ಮೂರು ದಿನ ಸಕ್ಕರೆ ಕೊಟ್ಟರು ನೋಡಿ, ಅದು ದೊಡ್ಡತನ.

ಇಷ್ಟಕ್ಕೆಲ್ಲ ಕಾರಣ ನಮ್ಮ ಅವ್ವನ ಮಂಡಿ. ಅವ್ವನಿಗೆ ಎಪ್ಪತ್ತು ದಾಟಿದೆ. ಅದರಲ್ಲಿ ನಲವತ್ತು ವರ್ಷ ಬೇರೆಯವರ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದ್ದಾಳೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಅಜ್ಜಿ ಇನ್ನು ಕುಕ್ಕರಗಾಲಲ್ಲಿ ಕೂರೋ ಹಾಗಿಲ್ಲ," ಎಂದುಬಿಟ್ಟರು. ನಂಜನಗೂಡಿನಲ್ಲಿ ನಾವು ಕಟ್ಟಿಸಿದ ಮನೆಗೆ ಇರುವುದು ಒಂದೇ ಟಾಯ್ಲೆಟ್ಟು. ಅದೂ ಇಂಡಿಯನ್. ಕುಕ್ಕರಗಾಲು ಇಲ್ಲದೆ ಅಲ್ಲಿ ಏನು ಮಾಡುವುದು?

ವೆಸ್ಟರ್ನ್ ಹಾಕಿಸೋಣ ಎಂದು ಮನೆಯಲ್ಲಿ ಠರಾವಾಯಿತು. ಗಾರೆ ಕೆಲಸದ ಮಾದಪ್ಪ ಬಂದ. ಹಳೆಯದನ್ನು ಒಡೆದು ತೆಗೆದ. ಪೈಪಿನ ಬಾಯಿಗೆ ಫ್ಲ್ಯಾಂಜ್ ಕೂರಿಸಿದ.

ಫ್ಲ್ಯಾಂಜ್ ಎಂದರೆ ಏನು ಎನ್ನುತ್ತೀರಾ? ಹದಿನೈದು ದಿನದ ಹಿಂದೆ ನನಗೂ ಗೊತ್ತಿರಲಿಲ್ಲ. ನೆಲದೊಳಗಿಂದ ಬರುವ ಪೈಪಿನ ಬಾಯಿಗೆ ತೊಡಿಸುವ ಅಗಲವಾದ ಬಳೆ ಅದು. ಕಮೋಡು ಅದರ ಮೇಲೆ ಕೂರುತ್ತದೆ. ಅದು ನೆಲದ ಮಟ್ಟಕ್ಕೆ ಸರಿಯಾಗಿ ಇರಬೇಕು. ಮಾದಪ್ಪ ಸರಿಯಾಗಿಯೇ ಕೂರಿಸಿದ್ದ.

ಆಮೇಲೆ ನೆಲ ಹಾಕುವ ಕೆಲಸ. ಅವ್ವ ಒಂದು ಕುರ್ಚಿ ಹಾಕಿಸಿಕೊಂಡು ಎದುರಿಗೆ ಕೂತಳು. "ಇನ್ನೊಸಿ ಎತ್ರ ಮಾಡು ಮಾದಪ್ಪ," ಎಂದಳು. ಮಾದಪ್ಪ ಮಾಡಿದ. "ಇನ್ನೂ ಒಸಿ." ಅದನ್ನೂ ಮಾಡಿದ. "ಯಾಕವ್ವ ಇಷ್ಟು ಎತ್ತರ?" ಎಂದು ನಾನು ಕೇಳಿದ್ದಕ್ಕೆ, "ನಿಂಗೇನ್ಲಾ ಗೊತ್ತು, ತಗ್ಗಿದ್ರೆ ಊರ್ ನೀರೆಲ್ಲ ಒಳೀಕೆ ಬತ್ತದೆ," ಎಂದು ನನ್ನ ಬಾಯಿ ಮುಚ್ಚಿಸಿದಳು.

ಅದು ಅವಳ ಜೀವಮಾನದ ಭಯ. ಟಿ. ನರಸೀಪುರದ ಕಡೆ ಇರುವ ನಮ್ಮೂರಲ್ಲಿ ನಮ್ಮ ಕೇರಿ ತಗ್ಗಿನಲ್ಲಿತ್ತು. (ಕೇರಿ ಎಲ್ಲಿದೆ ಎಂದು ಹುಡುಕಬೇಕಾದರೆ ಮಳೆನೀರಿನ ಹಿಂದೆ ಹೋದರೆ ಸಾಕು.) ಮಳೆ ಬಂದಾಗಲೆಲ್ಲ ಮೇಲಿನ ಬೀದಿಗಳ ನೀರು ನಮ್ಮ ಒಲೆಯೊಳಕ್ಕೆ ಬರುತ್ತಿತ್ತು. ಹಾಗಾಗಿ ಅವ್ವನಿಗೆ ಎಲ್ಲಿ ನೆಲ ಹಾಕುವುದನ್ನು ಕಂಡರೂ ಎತ್ತರ ಮಾಡಿಸಬೇಕು ಅನ್ನಿಸುತ್ತದೆ.

ನೆಲ ಎರಡಿಂಚು ಮೇಲೆ ಹೋಯಿತು. ಫ್ಲ್ಯಾಂಜ್ ಇದ್ದಲ್ಲೇ ಉಳಿಯಿತು. ಮಾದಪ್ಪ ಆ ಗುಂಡಿಗೆ ಸಿಮೆಂಟು, ಗೋಣಿನಾರು ತುರುಕಿ, ಮೇಲೆ ಕಮೋಡು ಇಟ್ಟು ನಮಸ್ಕಾರ ಹಾಕಿ ಹೋದ. ಮೊದಲ ಸಲ ಫ್ಲಶ್ ಎಳೆದಾಗ ಅರ್ಧ ನೀರು ಪೈಪಿಗೆ ಹೋಯಿತು, ಅರ್ಧ ನಮ್ಮ ಕಡೆ ಬಂತು. ಕಮೋಡು ಅತ್ತ ಇತ್ತ ಓಲಾಡುತ್ತಿತ್ತು. ಮತ್ತೆ ಕರೆಸಿದರೆ ಮಾದಪ್ಪ, "ಇದು ನನ್ ಲೈನಲ್ಲ ಸಾ," ಎಂದ. ಮೊದಲೇ ಹೇಳಬಹುದಿತ್ತು.

ನಾವೇನೋ ಲೋಟ ಹಿಡಿದು ಪಕ್ಕದ ಮನೆಗೆ ಹೋದೆವು. ಅವ್ವ ಎಲ್ಲಿಗೆ ಹೋಗಬೇಕು? ಸರೋಜ ಮೇಡಂ ಮನೆಯದೂ ಇಂಡಿಯನ್ನೇ. ದಿನಕ್ಕೆ ಒಂದು ಸಲ ನನ್ನ ಹೆಂಡತಿ ಆ ಓಲಾಡುವ ಕಮೋಡನ್ನು ಹಿಡಿದುಕೊಳ್ಳುತ್ತಿದ್ದಳು, ಅವ್ವ ನಾಚಿಕೆಯಿಂದ ಕುಗ್ಗಿಹೋಗಿ ಕೂರುತ್ತಿದ್ದಳು. ಎರಡನೇ ಸಲ ಹೋಗಬೇಕಾಗಬಾರದು ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಬೆಳಿಗ್ಗೆ ಅರ್ಧ ಲೋಟ, ರಾತ್ರಿ ಗುಟುಕು. ಮುದ್ದೆಯಲ್ಲಿ ಅರ್ಧ ಮುರಿದು ಪಕ್ಕಕ್ಕಿಡುತ್ತಿದ್ದಳು. ತುಟಿ ಒಡೆದಿತ್ತು. ಸ್ವಂತ ಮಗನ ಮನೆಯಲ್ಲಿ ತಾಯಿ ನೀರು ಕುಡಿಯಲು ಹೆದರುತ್ತಿದ್ದಾಳೆ ಎಂದರೆ ಆ ಮಗ ಎಂಥವನು? ನನಗೆ ನನ್ನ ಮೇಲೇ ಅಸಹ್ಯವಾಗಿತ್ತು.

ಹಾರ್ಡ್‌ವೇರ್ ಅಂಗಡಿಯವರು ದಾರಿ ತೋರಿಸಿದರು. "ಟಿ. ನರಸೀಪುರದಲ್ಲಿ ಚಂದ್ರು ಅಂತ ಒಬ್ರು ಪ್ಲಂಬರ್ ಇದಾರೆ. ಐಟಿಐ ಮಾಡಿರೋರು. ಕಮೋಡು ವಿಷಯದಲ್ಲಿ ಅವರೇ ಕೊನೆ ಮಾತು." ಅವರು ಕೊಟ್ಟ ಎಸ್‌ಟಿಡಿ ಬೂತಿನ ನಂಬರಿಗೆ ಫೋನು ಮಾಡಿದೆ. "ಕರೀತೀನಿ, ಲೈನಲ್ಲೇ ಇರಿ," ಎಂದು ಹೋದವನು ವಾಪಸ್ ಬರಲೇ ಇಲ್ಲ. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಬಸ್ಸು ಹತ್ತಿ ನಾನೇ ಹೋದೆ. ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಚಂದ್ರು ಸಿಕ್ಕಿದ. ಮೂವತ್ತರ ಆಸುಪಾಸು, ಗಟ್ಟಿ ಆಳು. ಫ್ಲ್ಯಾಂಜ್ ತಗ್ಗಿನಲ್ಲಿ ಉಳಿದ ಕಥೆ ಹೇಳಿದೆ.

"ಎಷ್ಟ್ ತಗ್ಗದೆ ಸಾ?"

"ಎರಡಿಂಚು."

"ಟೇಪ್ ಇಟ್ಟು ಅಳುದ್ರಾ?"

"ಇಲ್ಲ, ಬಾಗಿಲಲ್ಲಿ ನಿಂತು ನೋಡಿದೆ."

ಅವನು ನನ್ನನ್ನು ಒಂದು ಸಲ ನೋಡಿ, ಟೀ ಮುಗಿಸಿ, "ನಾಳೆ ಒಂಬತ್ತಕ್ಕೆ ಬತ್ತೀನಿ," ಎಂದ.

ಹೇಳಿದ ಹಾಗೆ ಭಾನುವಾರ ಒಂಬತ್ತಕ್ಕೆ ಬಂದ. (ಪ್ಲಂಬರ್ ಹೇಳಿದ ಹೊತ್ತಿಗೆ ಬಂದದ್ದು ನನ್ನ ಅನುಭವದಲ್ಲಿ ಇದೇ ಮೊದಲು.) ಕಮೋಡನ್ನು ಎತ್ತಿ ಹೊರಗಿಟ್ಟ. ಮಾದಪ್ಪನ ಸಿಮೆಂಟು ಕುಟ್ಟಿ ತೆಗೆದ. ನೆಲದ ಮೇಲೆ ಮಲಗಿ ಗುಂಡಿಯೊಳಕ್ಕೆ ಕೈ ಇಳಿಬಿಟ್ಟು ತಡಕಿದ. ಅವ್ವ ಎದುರಿಗೆ ಕುರ್ಚಿಯಲ್ಲಿ ಕೂತು ಮೇಸ್ತ್ರಿಕೆ ನಡೆಸುತ್ತಿದ್ದಳು.

"ಏನ್ಲಾ ಮಗ, ಸರಿ ಓಯ್ತದಾ?"

"ಓಯ್ತದೆ ಕನಮ್ಮ. ಬಳೆ ತಗ್ಗಿಗೆ ಬಿದ್ದೋಗದೆ. ಅದ್ರ ಮ್ಯಾಲೆ ಇನ್ನೊಂದು ಬಳೆ ಕೂರಿಸ್ಬೇಕು."

"ಬಿರ್‍ರನೆ ಕೂರ್ಸು ಮತ್ತೆ. ಮಾತಾಡ್ಕಂಡು ಒತ್ತು ಕಳೀಬ್ಯಾಡ."

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಆದರೆ ಹಳ್ಳಿಯ ಹೆಂಗಸು ಎದುರಿಗಿರುವವನ ಊರು ಕೇಳದೆ ಎಷ್ಟು ಹೊತ್ತು ಇದ್ದಾಳು? "ಯಾವೂರ್ಲಾ ನಿಂದು?" ಎಂದಳು. ಸೋಸಲೆಯಿಂದ ಆಚೆಗಿರುವ ಒಂದು ಹಳ್ಳಿಯ ಹೆಸರು ಹೇಳಿದ. ನಮ್ಮೂರು! ಅವ್ವನ ಮುಖ ಅರಳಿತು.

"ಅಯ್, ನಮ್ಮೂರೇ ಕನ್ಲಾ! ಯಾರ್ ಮನೆ ಉಡ್ಗ ನೀನು?"

"ದೊಡ್ಮನೆ ನಿಂಗೇಗೌಡ್ರ ಮೊಮ್ಮಗ ಕನಮ್ಮ."

ಆ ಮನೆಯ ಗದ್ದೆಯಲ್ಲಿಯೇ ಅವ್ವ ನಲವತ್ತು ವರ್ಷ ಬಗ್ಗಿದ್ದು.

ಹದಿನೈದು ದಿನದಿಂದ ಇಬ್ಬರು ರಟ್ಟೆ ಹಿಡಿದು ಎಬ್ಬಿಸಬೇಕಾಗಿದ್ದ ಅವ್ವ ತಾನೇ ಎದ್ದು ನಿಂತಳು. ಸೆರಗು ಹೆಗಲಿನ ಸುತ್ತ ಬಂತು. ಕುರ್ಚಿಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿದಳು.

"ಅಯ್ಯೋ ಬುದ್ಧಿ! ಗೊತ್ತಾಗ್ನಿಲ್ಲ ಬುದ್ಧಿ!"

(ಬೆಂಗಳೂರಿನ ಓದುಗರು ಅವ್ವ ಅವನ ತಲೆಯನ್ನು ಹೊಗಳುತ್ತಿದ್ದಾಳೆಂದು ತಿಳಿಯಬಾರದು. ನಮ್ಮ ಕಡೆ ಕೇರಿಯವರು ಊರ ಗೌಡರನ್ನು ಕರೆಯುವುದೇ ಹಾಗೆ.) ಏಳೆಂಟು ವರ್ಷದ ಹಿಂದೆ ನಾನು ಮನೆಗೆ ಬುದ್ಧನನ್ನು ತಂದೆ. ನಡುಮನೆಯ ಗೋಡೆಯ ಮೇಲಿದ್ದಾನೆ. ಅವ್ವ ದಿನಾ ಹೂವಿಟ್ಟು ಕೈಮುಗಿಯುತ್ತಾಳೆ. ಬುದ್ಧ ಮನೆಯೊಳಕ್ಕೆ ಬಂದ, ಆದರೆ ಬುದ್ಧಿ ಅವ್ವನ ಬಾಯಿಂದ ಹೊರಗೆ ಹೋಗಲಿಲ್ಲ.

"ಕೈ ತಗೀರಿ ಬುದ್ಧಿ! ನಮ್ಮನೆ ಕಕ್ಕಸ್ಸಿಗೆ ನೀವು ಕೈ ಆಕದಾ? ನನ್ಗೆ ಒಳ್ಳೇದಾದದಾ?" ಎನ್ನುತ್ತಾ ಅವ್ವ ಬಾಗಿಲಿಗೆ ಅಡ್ಡ ನಿಂತೇಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. "ನೋಡ್ಕಂಡು ನಿಂತವ್ನೆ ನೋಡು. ನೀನ್ ಆಕ್ಲಾ ಕೈಯ!"

ನನಗೆ ಸಿಟ್ಟು ಬಂತು. ಇದೇ ಅಂಕಣದಲ್ಲಿ ಸ್ವಾಭಿಮಾನದ ಬಗ್ಗೆ ನಾನು ಎಷ್ಟು ಸಲ ಬರೆದಿಲ್ಲ? ನೀವೇ ಮೆಚ್ಚಿ ಕಾಗದ ಬರೆದಿದ್ದೀರಿ. ಅವ್ವನಿಗೆ ಒಂದನ್ನೂ ಓದಿ ಹೇಳಿರಲಿಲ್ಲ ಎಂದು ಅವತ್ತು ನೆನಪಾಯಿತು. "ಅವ್ವಾ, ಅವರು ಕೆಲಸಕ್ಕೆ ಬಂದಿದ್ದಾರೆ. ಈಗ ಯಾವ ಕಾಲ? ಗೌಡ ಗೀಡ ಎಲ್ಲ ಮುಗೀತು," ಎಂದು ಭಾಷಣ ಶುರು ಮಾಡಿದೆ. ಅವ್ವ ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ.

ಕೊನೆಗೆ ಕೈ ಹಾಕಿದವನು ನಾನೇ. ಬ್ರೆಡ್ಡಿನ ಪ್ಲಾಸ್ಟಿಕ್ ಕವರನ್ನು ಮೊಣಕೈವರೆಗೂ ಏರಿಸಿಕೊಂಡು, ಮೂಗಿಗೆ ಟವೆಲ್ ಕಟ್ಟಿಕೊಂಡು ಎಂ.ಎ., ಬಿ.ಎಡ್. ಮಾಡಿದ ನಾನು ಕೆಳಗೆ ಕೂತೆ. ಚಂದ್ರು ಹೊರಗೆ ನಿಂತು ಡೈರೆಕ್ಷನ್ ಕೊಡುತ್ತಿದ್ದ.

"ರಬ್ಬರ್ ಕೆಳೀಕೆ ಬರ್ಬೇಕು ಸಾ... ಅದು ಉಲ್ಟಾ... ಈಗ್ಲೂ ಉಲ್ಟಾ..."

ಮೂರನೇ ಸಲಕ್ಕೆ ಬಳೆ ಸರಿಯಾಗಿ ಕೂತಿತು ಅಂದುಕೊಂಡೆ. ಸ್ಕ್ರೂ ಹಾಕಲು ಹೋದೆ. ಕೈ ಜಾರಿ ಸ್ಕ್ರೂ ಪೈಪಿನೊಳಗೆ ಬಿತ್ತು. ಟಿಣ್ ಟಿಣ್ ಎಂದು ಬಹಳ ದೂರದವರೆಗೆ ಸದ್ದು ಕೇಳಿಸಿತು. ಇನ್ನೊಂದು ಸ್ಕ್ರೂ ತೆಗೆದುಕೊಂಡೆ. ಅದೂ ಅದರ ಹಿಂದೆಯೇ ಹೋಯಿತು.

ಚಂದ್ರು ನಿಟ್ಟುಸಿರು ಬಿಟ್ಟ. "ಸಾ, ಸ್ಕೂಲಲ್ಲಿ ನೀವೇನ್ ಪಾಠ ಮಾಡದು?"

"ಕನ್ನಡ."

"ಅದ್ನೇ ಮಾಡಿ ಸಾ."

ನನ್ನನ್ನು ಎಬ್ಬಿಸಿ ಅವನು ಹೊಸಿಲ ಮೇಲೆ ಕೂತ. ಅವ್ವ ಇನ್ನೂ ಗೋಡೆ ಹಿಡಿದು ನಿಂತೇ ಇದ್ದಳು. ಅವಳನ್ನು ನೋಡಿ ಸಮಾಧಾನವಾಗಿಯೇ ಮಾತಾಡಿದ.

"ಅಮ್ಮ, ನಮ್ ತಾತ ಓಗಿ ಅನ್ನೆಲ್ಡು ವರ್ಸ ಆಯ್ತು. ಜಮೀನು ಐದು ಪಾಲಾಯ್ತು. ನನ್ ಪಾಲಿಗೆ ಬಂದಿರದ್ರಲ್ಲಿ ಒಂದ್ ಎಮ್ಮೆ ಮಲಗುದ್ರೆ ಇನ್ನೊಂದಕ್ಕೆ ಜಾಗ ಇಲ್ಲ. ನಾನೀಗ ಪ್ಲಂಬರು. ಇದ್ರೊಳೀಕೆ ಕೈ ಆಕ್ನಿಲ್ಲ ಅಂದ್ರೆ ನಂಗೆ ಅನ್ನ ಇಲ್ಲ. ಬುಡಿ ಅತ್ಲಾಗೆ."

ಅವ್ವ ಬಾಗಿಲು ಬಿಟ್ಟು ಸರಿಯಲಿಲ್ಲ. ಚಂದ್ರು ದನಿ ತಗ್ಗಿಸಿದ.

"ಒಂದ್ ಮಾತು ಕನಮ್ಮ. ನಮ್ಮನೇಲಿ ನಾನು ಬೋರ್‌ವೆಲ್ ಮೋಟ್ರು ರಿಪೇರಿ ಮಾಡ್ತೀನಿ ಅಂತ್ಲೇ ತಿಳ್ಕಂಡವ್ರೆ. ನೀವು ಊರಿಗೆ ಓದ್ರೆ ಈ ಕಕ್ಕಸ್ಸಿನ್ ವಿಸ್ಯ ಏಳ್ಬ್ಯಾಡಿ."

ಹೇಳಬೇಡಿ ಎಂದು ಅರ್ಥ. ನಮ್ಮೂರ ಕಡೆ ಹಕಾರಕ್ಕೆ ಪ್ರವೇಶವಿಲ್ಲ. ಕೇರಿಯಲ್ಲೂ ಇಲ್ಲ, ದೊಡ್ಡಮನೆಯಲ್ಲೂ ಇಲ್ಲ. ಇಡೀ ಊರು ಸರಿಸಮಾನವಾಗಿರುವುದು ಈ ಒಂದು ವಿಷಯದಲ್ಲಿ ಮಾತ್ರ. ಹದಿನೆಂಟು ವರ್ಷದಿಂದ ಮಕ್ಕಳ ಬಾಯಲ್ಲಿ ಹ ಹೊರಡಿಸಲು ಒದ್ದಾಡುತ್ತಿರುವ ಮೇಷ್ಟರ ಸಂಕಟ ನಿಮಗೆ ಅರ್ಥವಾಗಬೇಕು.

"ಏಳಕಿಲ್ಲ ಬುದ್ಧಿ," ಎಂದಳು ಅವ್ವ. "ನನ್ ಪ್ರಾಣ ಓದ್ರೂ ಏಳಕಿಲ್ಲ."

(ಅವ್ವ ಕೊಟ್ಟ ಮಾತಿಗೆ ಕಟ್ಟುಬಿದ್ದು ಚಂದ್ರುವಿನ ಹೆಸರನ್ನೂ ತಾತನ ಹೆಸರನ್ನೂ ನಾನಿಲ್ಲಿ ಬದಲಾಯಿಸಿದ್ದೇನೆ. ಊರಿನ ಹೆಸರು ಕೇಳಿ ಕಾಗದ ಬರೆಯಬೇಡಿ.)

ದೊಡ್ಡಮನೆಯ ಗುಟ್ಟೊಂದು ಕೈಗೆ ಬಂದ ಮೇಲೆ ಅವ್ವ ಬಾಗಿಲು ಬಿಟ್ಟು ಸರಿದಳು. ಆದರೆ ಕೂರಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದೆ, ಕಣ್ಣಲ್ಲೇ ಬೈದಳು. ಮಗಳು ಬಂದು ಕೈ ಹಿಡಿದು ಜಗ್ಗಿದಳು. "ಸುಮ್ಕಿರವ್ವ, ಗೌಡ್ರು ನೆಲದ ಮ್ಯಾಲವ್ರೆ, ನಾನು ಕುರ್ಚಿ ಮ್ಯಾಲೆ ಕುಂತ್ಕಳದಾ?" ಎಂದಳು. ಹಾಗಾದರೆ ಒಳಗೆ ಹೋಗಿ ಮಲಗು ಎಂದರೆ, ಗೌಡರು ಕೆಲಸ ಮಾಡುವಾಗ ಮಲಗುವುದು ಇನ್ನೂ ದೊಡ್ಡ ತಪ್ಪಂತೆ. ಮಂಡಿ ನಡುಗುತ್ತಿರುವುದು ಸೀರೆಯ ಮೇಲಿಂದಲೇ ಕಾಣುತ್ತಿತ್ತು.

ಚಂದ್ರು ನಾನು ಕೂರಿಸಿದ್ದ ಬಳೆಯನ್ನು ಬಿಚ್ಚಿ ಬಿಸಾಕಿದ. ಪೈಪಿಗೆ ತಂತಿ ಬಿಟ್ಟು ಎರಡೂ ಸ್ಕ್ರೂ ಎಳೆದು ತೆಗೆದ. ಹಳೆಯ ಬಳೆಯನ್ನು ತಿಕ್ಕಿ ತೊಳೆದು, ಮೇಲೆ ರಬ್ಬರು, ಅದರ ಮೇಲೆ ಹೊಸ ಬಳೆ, ಮತ್ತೆ ರಬ್ಬರು ಇಟ್ಟು ಟೇಪಿನಲ್ಲಿ ಅಳೆದ. ತಗ್ಗು ನಾನು ಹೇಳಿದಂತೆ ಸರಿಯಾಗಿ ಎರಡಿಂಚೇ ಇತ್ತು. (ಇದನ್ನು ದಯವಿಟ್ಟು ಗಮನಿಸಿ.) ಆಮೇಲೆ ಕಮೋಡನ್ನು ಮಗುವಿನ ಹಾಗೆ ಎತ್ತಿ ತಂದು ಅದರ ಮೇಲೆ ಇಳಿಸಿದ. ಮುಚ್ಚಳ ಹಾಕಿದ.

"ಈಗ ಇದ್ರ ಮ್ಯಾಲೆ ಯಾರಾರಾ ಕುಂತ್ಕಬೇಕು ಸಾ. ಭಾರ ಬಿದ್ರೇ ರಬ್ಬರ್ ಅಮುಕಿ ಬಳೆಗೆ ಕಚ್ಕಳದು. ನಾನು ಕೆಳಗೆ ನಟ್ ಬಿಗೀತೀನಿ."

ನಾನು ಮುಂದೆ ಬಂದೆ. ಅವನು ನನ್ನನ್ನು ಹೊಟ್ಟೆಯಿಂದ ಮೇಲಕ್ಕೆ ನೋಡಿ, "ನೀವು ಬ್ಯಾಡಿ ಸಾ, ರಬ್ಬರ್ ಚಪಾತಿ ಆಗೋಯ್ತದೆ," ಎಂದ. ಹೆಂಡತಿ ಎಲ್ಲಿ? ಸರೋಜ ಮೇಡಂ ಮನೆಗೆ ಹೋಗಿದ್ದಳು. (ಯಾಕೆ ಎಂದು ಮತ್ತೆ ಹೇಳಬೇಕೆ?) ಮಗಳು ನಾಚಿಕೊಂಡು ಒಳಗೆ ಓಡಿದಳು.

"ಅಮ್ಮ, ನೀವೇ ಬನ್ನಿ. ನೀವ್ ತಾನೆ ದಿನಾ ಕುಂತ್ಕಳದು. ಕಾಲು ನೆಲಕ್ಕೆ ಎಟುಕ್ತದಾ ಅಂತ್ಲೂ ನೋಡ್ಬುಡಾನ."

ಅವ್ವ ಗೋಡೆಗೆ ಅಂಟಿಕೊಂಡಳು. "ನಾನಾ? ನೀವು ಕೆಳಗಿರದು, ನಾನು ಮ್ಯಾಲೆ ಕುಂತ್ಕಳದಾ? ನಿಮ್ ತಾತ ಬಂದ್ರೆ ನಾನು ಕೊಟ್ಟಿಗೇಲೂ ಕುಂತೋಳಲ್ಲ ಬುದ್ಧಿ!"

"ಅವ್ವಾ! ಅವರ ತಾತ ಸತ್ತು ಹನ್ನೆರಡು ವರ್ಷ ಆಯ್ತು!" ಎಂದು ಕೂಗಿದೆ.

"ಸತ್ರೆ? ಗೌಡ್ರು ಗೌಡ್ರಲ್ವಾ?"

ಇದಕ್ಕೆ ಯಾವ ಲೇಖನದಲ್ಲಿ ಉತ್ತರವಿದೆ? ನಾನು ಬೇಡಿಕೊಂಡೆ. ಚಂದ್ರು ಬೇಡಿಕೊಂಡ. ಅವ್ವ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ, "ಎತ್ರನಾದ್ರೂ ನಿಮ್ ಮಂಡಿಗೆ ಸರಿ ಅದಾ ನೋಡಾನ, ಮುಂದೆ ಬಂದು ನಿಂತ್ಕಳಿ," ಎಂದ. ನಿಲ್ಲುವುದಕ್ಕೆ ಅವ್ವನ ಅಡ್ಡಿಯಿರಲಿಲ್ಲ. ಬಂದು ಕಮೋಡಿನ ಮುಂದೆ ನಿಂತಳು. ಬೆಳಗಿನಿಂದ ಮೂರು ಗಂಟೆ ಕಾಲ ದೊಡ್ಡಮನೆಗೆ ಮರ್ಯಾದೆ ಕೊಟ್ಟಿದ್ದ ಮಂಡಿ ಅಷ್ಟು ಹೊತ್ತಿಗೆ ಕೈಕೊಟ್ಟಿತು.

ಅವ್ವ ದೊಪ್ಪನೆ ಕಮೋಡಿನ ಮೇಲೆ ಕೂತಳು.

ಕೆಳಗೆ ಎಲ್ಲೋ 'ಟಪ್' ಎಂಬ ಸದ್ದು ಬಂತು. ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಿದ್ದ ಚಂದ್ರು, "ಕಚ್ಕತು! ಕಚ್ಕತು ಸಾ!" ಎಂದು ಕೂಗಿದ. "ಅಂಗೇ ಇರಿ ಅಮ್ಮ! ಏಳ್ಬ್ಯಾಡಿ!"

"ಏಳಕಿಲ್ಲ ಬುದ್ಧಿ," ಎನ್ನುತ್ತಾ ಅವ್ವ ಏಳತೊಡಗಿದಳು.

"ಏಳ್ಬ್ಯಾಡಿ! ಏಳ್ಬ್ಯಾಡಿ!"

"ಆಗ್ಲೇ ಮಾತ್ ಕೊಟ್ನಲ್ಲ ಬುದ್ಧಿ, ಊರಲ್ ಒಬ್ರಿಗೂ ಏಳಕಿಲ್ಲ!" ಗೋಡೆ ಹಿಡಿದು ಅರ್ಧ ಎದ್ದೇಬಿಟ್ಟಿದ್ದಳು.

ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. "ಅವ್ವಾ, ಅವರು ಹೇಳಬೇಡ ಅಂತಿಲ್ಲ, ಏಳಬೇಡ ಅಂತಿದಾರೆ!"

"ಅದೇ ಕನ್ಲಾ, ಏಳಕಿಲ್ಲ ಅಂದ್ನಲ್ಲ! ಎಷ್ಟ್ ಸತಿ ಏಳದು?"

ಹದಿನೆಂಟು ವರ್ಷದ ಸರ್ವಿಸಿನಲ್ಲಿ ಹಕಾರ ಇಷ್ಟು ಬೇಕಾಗಿದ್ದು ಅವತ್ತೇ. ಅವ್ವನಿಗೆ ವ್ಯಾಕರಣ ಹೇಳುವಷ್ಟು ಪುರುಸೊತ್ತು ಚಂದ್ರುವಿಗೆ ಇರಲಿಲ್ಲ. ಬಳೆ ಬಿಟ್ಟುಕೊಂಡರೆ ಎಲ್ಲ ಮೊದಲಿಂದ ಮಾಡಬೇಕು. ಅವನು ಸ್ಪಾನರ್ ಬಿಸಾಕಿ, ಅವ್ವನ ಎರಡೂ ಪಾದಗಳನ್ನು ಕೈಯಲ್ಲಿ ಒತ್ತಿ ಹಿಡಿದ.

"ಕುಂತಿರಿ ಅಮ್ಮ, ನಿಮ್ ಕಾಲಿಗ್ ಬೀಳ್ತೀನಿ!"

ನಾವೆಲ್ಲ ದಿನಕ್ಕೆ ಹತ್ತು ಸಲ ಆಡುವ ಮಾತು. ಆದರೆ ಆಡುವಾಗ ಯಾರು ನಿಜವಾಗಿ ಕಾಲ ಹತ್ತಿರ ಇರುತ್ತಾರೆ? ಅವ್ವ ಅಲ್ಲಾಡಲಿಲ್ಲ. ಎರಡೂ ಕೈಯಲ್ಲಿ ಕಮೋಡಿನ ಅಂಚು ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತಿದ್ದಳು. ಚಂದ್ರು ನಟ್ಟುಗಳನ್ನು ಒಂದೊಂದಾಗಿ ಬಿಗಿದ. ಅವ್ವನ ಕಾಲ ಈ ಕಡೆ ಎರಡು, ಆ ಕಡೆ ಎರಡು. ಕಾಲು ಗಂಟೆ ಹಿಡಿಯಿತು. ನನಗೆ ನಗುವೂ ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಟವೆಲ್ ಇನ್ನೂ ಮೂಗಿನ ಮೇಲೆ ಇದ್ದದ್ದು ಒಳ್ಳೆಯದೇ ಆಯಿತು.

"ಆಯ್ತು. ಈಗ ಏಳಿ ಅಮ್ಮ," ಎಂದ.

"ಏನ್ ಏಳ್ಲಿ ಬುದ್ಧಿ?" ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ.

ಫ್ಲಶ್ ಎಳೆದರೆ ಒಂದು ತೊಟ್ಟೂ ಹೊರಗೆ ಬರಲಿಲ್ಲ. ಕಮೋಡನ್ನು ನಾನು ಎರಡೂ ಕೈಯಲ್ಲಿ ಅಲ್ಲಾಡಿಸಲು ನೋಡಿದೆ, ಜಗ್ಗಲಿಲ್ಲ. ಚಂದ್ರು ಕೈಕಾಲು ತೊಳೆದು ಬಂದು, ಅವ್ವ ಕೊಟ್ಟ ಟೀಯನ್ನು ನಮ್ಮ ಲೋಟದಲ್ಲೇ ಸೊರ್‍ರನೆ ಕುಡಿದ. ಸಕ್ಕರೆ ಸ್ವಲ್ಪ ಜಾಸ್ತಿ ಅಂದ. ಮನೆಯಲ್ಲಿ ಬೇಕಾದಷ್ಟಿತ್ತಲ್ಲ, ಏನು ಮಾಡುವುದು?

ಅವತ್ತು ಸಂಜೆ ಅವ್ವ ಎರಡು ಲೋಟ ನೀರು ಕುಡಿದಳು. ಅವಳು ಕುಡಿಯುವುದನ್ನು ನಾನು ಪೇಪರಿನ ಹಿಂದಿನಿಂದ ನೋಡುತ್ತಾ ಕೂತೆ. ಮಾರನೇ ದಿನ ಬೆಳಿಗ್ಗೆ ಯಾರನ್ನೂ ಕರೆಯದೆ, ಗೋಡೆ ಹಿಡಿದುಕೊಂಡು ಒಬ್ಬಳೇ ಹೋದಳು. ಒಳಗಿಂದ ಚಿಲಕ ಹಾಕಿಕೊಂಡಳು. ಹೊರಗೆ ಬಂದ ಮೇಲೆ ನನ್ನ ಪಕ್ಕ ಬಂದು ಕೂತು, ಮಂಡಿ ನೀವಿಕೊಂಡಳು.

"ಅಲ್ಲ ಕನ್ಲಾ ಮಗ, ನೆನ್ನೆ ಅಷ್ಟೊತ್ತು ಗೌಡ್ರ ಮುಂದೆ ಕುಂತಿದ್ನಲ್ಲ. ಏನೂ ಆಗ್ನಿಲ್ಲ."

"ಏನಾಗುತ್ತೆ ಅಂದ್ಕೊಂಡಿದ್ದೆ ಅವ್ವ?"

ಗೊತ್ತಿಲ್ಲ ಎಂಬಂತೆ ತಲೆಯಾಡಿಸಿದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು:

"ಕುಂತ್ರೆ ಏನೂ ಆಗಕಿಲ್ಲ ಅಂತ, ಮಂಡಿ ಗಟ್ಟಿ ಇದ್ದಾಗ್ಲೇ ಯಾಕ್ಲಾ ಒಬ್ರೂ ನಂಗೆ ಏಳ್ನಿಲ್ಲ?"